ಕೈಗವಸಿನ ಕೈಗೊಂದು ಚಾಕು

ನಮ್ಮ ಶರ್ ಖದ್ ಗಡಿ ಠಾಣೆಗೆ ಆ ವರ್ಷ ಅಕ್ಟೋಬರ್ ಕೊನೆಯಲ್ಲಿ ಒಂದು ಮರದ ಪೆಟ್ಟಿಗೆ ಬಂತು. ಒಳಗೆ ಮೂರು ಬಗೆಯ ಚಾಕುಗಳಿದ್ದವು, ಬಗೆಗೆರಡರಂತೆ ಆರು. ಅಲ್ತಾಯ್ ಬೆಟ್ಟಸಾಲಿನ ಕುದುರೆ ಗಸ್ತಿನವರಿಗೆ ಹೊಸ ಚಾಕು ಕೊಡಬೇಕೆಂದಿದೆ, ಚಳಿಯಲ್ಲಿ ಒಂದು ತಿಂಗಳು ಬಳಸಿ ನೋಡಿ ಯಾವುದು ಸರಿಯೆಂದು ತಿಳಿಸಿ ಎಂದು ಜೊತೆಗಿದ್ದ ಕಾಗದ ಹೇಳುತ್ತಿತ್ತು. ಕ್ಯಾಪ್ಟನ್ ಈ ಕೆಲಸಕ್ಕೆ ಇಬ್ಬರನ್ನು ನೇಮಿಸಿದರು. ಒಬ್ಬ ಲೆಫ್ಟಿನೆಂಟ್ ತುವ್‌ದೆನ್, ಗಸ್ತಿನ ಹೊಣೆ ಹೊತ್ತವನು, ಇಪ್ಪತ್ತೈದರ ಹುಮ್ಮಸ್ಸಿನವನು. ಇನ್ನೊಬ್ಬಳು ನಾನು, ಸೆವ್‌ಜಿದ್, ಠಾಣೆಯ ವೈದ್ಯ ಸಹಾಯಕಿ.

ಚಾಕುವಿಗೂ ನನಗೂ ಏನು ಸಂಬಂಧ ಎಂದು ಕೇಳಿದೆ.

"ಈ ಠಾಣೇಲಿ ಚಾಕು ಮಾಡಿದ ಗಾಯಾನೆಲ್ಲ ಹೊಲಿದೋಳು ನೀನೇ ಅಲ್ವೇನಮ್ಮ? ಅದರ ಗುಣ ನಿನಗಲ್ದೆ ಇನ್ಯಾರಿಗೆ ಗೊತ್ತು?" ಎಂದರು ಕ್ಯಾಪ್ಟನ್.

ಆ ರಾತ್ರಿ ನಾನು ಗಾಯಗಳ ದಾಖಲೆ ತೆಗೆದು ನೋಡಿದೆ. ಒಂಬತ್ತು ವರ್ಷಗಳಲ್ಲಿ ನಲವತ್ತೊಂದು ಚಾಕು ಗಾಯ. ಒಂದೂ ಶತ್ರು ಮಾಡಿದ್ದಲ್ಲ. ಹೆಪ್ಪುಗಟ್ಟಿದ ಕುರಿಮಾಂಸಕ್ಕೆ ಚಾಕು ಚುಚ್ಚುವಾಗ ಕೈ ಮುಂದೆ ಜಾರಿ ಅಲಗಿನ ಮೇಲೆ ಬಿದ್ದದ್ದೇ ಇಪ್ಪತ್ತಮೂರು. ಉಳಿದವು ಡಬ್ಬಿ ತೆರೆಯುವಾಗ, ಹಗ್ಗ ಕೊಯ್ಯುವಾಗ, ಮಡಿಸುವ ಚಾಕು ಬೆರಳಿನ ಮೇಲೇ ಮಡಚಿಕೊಂಡಾಗ ಆದವು. ಪಟ್ಟಿಯ ಕೊನೆಯಲ್ಲಿ ಇನ್ನೊಂದು ಹೆಸರಿತ್ತು. ಅದನ್ನು ಚಾಕು ಗಾಯದಲ್ಲಿ ಸೇರಿಸಬೇಕೋ ಬೇಡವೋ ಎಂದು ನನಗೆ ಆಗಲೂ ತಿಳಿದಿರಲಿಲ್ಲ, ಈಗಲೂ ತಿಳಿದಿಲ್ಲ. ಸಾರ್ಜೆಂಟ್ ಗೊನ್ಚಿಗ್.

ಗೊನ್ಚಿಗ್‌ಗೆ ಆಗ ನಲವತ್ತಾರು. ಆ ಗಡಿಯಲ್ಲಿ ಅವನಿಗೆ ಗೊತ್ತಿಲ್ಲದ ಕಣಿವೆಯಿಲ್ಲ. ನಾನು ಹೊಸದಾಗಿ ಬಂದಾಗ, ಊರಿನ ಕುದುರೆಯನ್ನಷ್ಟೇ ಹತ್ತಿ ಗೊತ್ತಿದ್ದ ನನಗೆ ಹಿಮದ ಇಳಿಜಾರಿನಲ್ಲಿ ಕೂರುವುದನ್ನು ಕಲಿಸಿದವನು ಅವನೇ. ಹಿಂದಿನ ಫೆಬ್ರವರಿಯಲ್ಲಿ ಅವನ ಕುದುರೆ ಹೊಳೆಯಂಚಿನ ಮಂಜುಗಡ್ಡೆ ಒಡೆದು ಬಿತ್ತು. ಹಿಂದಿನ ಹೊರೆಕುದುರೆಯ ಹಗ್ಗ ಇವನ ಕಾಲಿಗೆ ಸುತ್ತಿಕೊಂಡಿತು. ಜೇಬಿನಲ್ಲಿ ಮಡಿಸುವ ಚಾಕುವಿತ್ತು, ಆದರೆ ಅದರ ಕೀಲು ಹೆಪ್ಪುಗಟ್ಟಿತ್ತು. ಕೈಗವಸು ಹಾಕಿಕೊಂಡು ತೆರೆಯಲಾಗಲಿಲ್ಲ. ಬಲಗೈ ಗವಸು ಕಳಚಿ, ಉಗುರಿನಿಂದ ಎಳೆದು, ಕೊನೆಗೆ ಹಲ್ಲಿನಿಂದ ತೆರೆದು ಹಗ್ಗ ಕೊಯ್ದ. ಅಷ್ಟರಲ್ಲಿ ಗವಸನ್ನು ಗಾಳಿ ಹೊತ್ತೊಯ್ದಿತ್ತು. ಠಾಣೆಗೆ ಎರಡು ಗಂಟೆಯ ದಾರಿ. ಚಳಿಗೆ ಸತ್ತ ತೋರುಬೆರಳು, ನಡುಬೆರಳು ಎರಡರಲ್ಲೂ ಎರಡೆರಡು ಗೆಣ್ಣು ಹೋದವು.

'ಕುದುರೆ ಗಸ್ತಿಗೆ ಸದ್ಯಕ್ಕೆ ಯೋಗ್ಯನಲ್ಲ' ಎಂದು ಕಾಗದ ಬರೆದವಳು ನಾನು. ಅವನು ಅದಕ್ಕೆ ಎಡಗೈಯಲ್ಲಿ ಸಹಿ ಹಾಕಿದ್ದ. ಅಂದಿನಿಂದ ಅವನು ಉಗ್ರಾಣದಲ್ಲಿ ಕೂತು ಬೂಟು, ಕಂಬಳಿ ಹಂಚುತ್ತಿದ್ದ. ವರ್ಷದ ಕೊನೆಗೆ ನಾನು ಮತ್ತೊಮ್ಮೆ ಪರೀಕ್ಷಿಸಿ ಬರೆಯಬೇಕಿತ್ತು. ಈ ಸಲವೂ ಹಾಗೇ ಬರೆದರೆ ಅವನನ್ನು ಪಿಂಚಣಿ ಕೊಟ್ಟು ಮನೆಗೆ ಕಳಿಸುತ್ತಾರೆಂದು ಇಬ್ಬರಿಗೂ ಗೊತ್ತಿತ್ತು.

ಆರೂ ಚಾಕುಗಳನ್ನು ಊಟದ ಮೇಜಿನ ಮೇಲೆ ಹರಡಿದಾಗ ಹುಡುಗರೆಲ್ಲ ಮುತ್ತಿಕೊಂಡರು. ಮೊದಲನೆಯದು ಮಡಿಸುವಂಥದ್ದು, ಗರಗಸ, ಡಬ್ಬಿ ತೆರೆಯುವ ಕೊಕ್ಕೆ, ಕತ್ತರಿ ಎಲ್ಲ ಅದರ ಹೊಟ್ಟೆಯಲ್ಲೇ ಇದ್ದವು. ಎರಡನೆಯದು ದೊಡ್ಡದು, ಕಪ್ಪು ಬಣ್ಣದ್ದು, ಬೆನ್ನ ಮೇಲೆ ಗರಗಸದ ಹಲ್ಲು, ಹಿಡಿಯ ತುದಿಯಲ್ಲಿ ದಿಕ್ಸೂಚಿ. ಮೂರನೆಯದನ್ನು ಯಾರೂ ಮುಟ್ಟಲಿಲ್ಲ. ಗೇಣಿಗಿಂತ ಗಿಡ್ಡ ಅಲಗು, ತೆಳ್ಳನೆಯ ಮರದ ಹಿಡಿ, ತೊಗಲಿನ ಒರೆ, ಅಷ್ಟೆ.

"ಇದು ನಮ್ಮಜ್ಜಿ ಈರುಳ್ಳಿ ಹೆಚ್ಚೋ ಚಾಕು ಇದ್ದಂಗಿದೆ," ಎಂದು ತುವ್‌ದೆನ್ ನಕ್ಕ. ಅವನ ಮನಸ್ಸು ಕಪ್ಪು ಚಾಕುವಿನ ಮೇಲೆ ನಿಂತಿತ್ತು. ಅವನ ಮಾತಿನಲ್ಲಿ ಹುರುಳಿಲ್ಲ ಎನ್ನುವಂತಿರಲಿಲ್ಲ. ಸೈನಿಕನಿಗೆ ಹೆಮ್ಮೆಯೆನಿಸದ ಚಾಕು ಸೊಂಟದಲ್ಲಿರುವುದಿಲ್ಲ, ಹಾಸಿಗೆಯ ಕೆಳಗಿರುತ್ತದೆ, ಬೇಕಾದ ಹೊತ್ತಿಗೆ ಇಲ್ಲದ ಚಾಕು ಎಷ್ಟು ಒಳ್ಳೆಯದಾದರೇನು ಎಂದು ಅವನು ವಾದಿಸಿದ. ನಾನು ನನ್ನ ದಾಖಲೆಯನ್ನು ಮುಂದಿಟ್ಟೆ. ನಾವು ಚಾಕುವಿನಿಂದ ಮಾಡುವುದು ಮಾಂಸ, ಹಗ್ಗ, ಸೌದೆ, ಗೊರಸಿಗೆ ಕಚ್ಚಿದ ಮಂಜುಗಡ್ಡೆ, ಇವಿಷ್ಟೇ. ಇದಕ್ಕೆ ಯಾವುದು ಒದಗುತ್ತದೋ ಅದು ಸಾಕು ಎಂದೆ. ಹೊರಗಿಟ್ಟು ನೋಡೋಣ ಎಂಬುದಕ್ಕೆ ಮಾತ್ರ ಇಬ್ಬರೂ ಒಪ್ಪಿದೆವು.

ನವೆಂಬರ್ ಮೊದಲ ವಾರಕ್ಕೇ ಮೈನಸ್ ಇಪ್ಪತ್ತೈದು ಡಿಗ್ರಿ ಚಳಿ ಬಿತ್ತು. ಚಾಕುಗಳನ್ನು ರಾತ್ರಿಯಿಡೀ ಹೊರಗೆ ಬಿಟ್ಟು ಬೆಳಗ್ಗೆ ಕೆಲಸಕ್ಕೆ ಹಚ್ಚುತ್ತಿದ್ದೆವು. ಮಡಿಸುವ ಚಾಕು ಮೂರನೇ ದಿನವೇ ಸೋತಿತು. ಎಣ್ಣೆ ಗಟ್ಟಿಯಾಗಿ ಕೀಲು ಅಲುಗಾಡಲಿಲ್ಲ, ಎಣ್ಣೆ ಒರೆಸಿದರೆ ಅಲಗು ಸಡಿಲವಾಗಿ ಅಲ್ಲಾಡಿತು. ಅದನ್ನು ಅಡುಗೆಯವನಿಗೆ ಕೊಟ್ಟೆವು. ಬೆಚ್ಚಗಿನ ಅಡುಗೆಮನೆಯಲ್ಲಿ ಅದರಂಥ ಚಾಕು ಇಲ್ಲ ಎಂದು ಅವನು ಈಗಲೂ ಹೇಳುತ್ತಾನೆ. ಕಪ್ಪು ಚಾಕು ಗಟ್ಟಿಮುಟ್ಟಾಗಿತ್ತು, ಸೌದೆ ಸೀಳಲು ಚೆನ್ನಾಗಿತ್ತು. ಮಾಂಸ ಕೊಯ್ಯುವಾಗ ಮಾತ್ರ ಅದರ ದಪ್ಪ ಅಲಗು ಕೊಯ್ಯುವುದಕ್ಕಿಂತ ಹೆಚ್ಚಾಗಿ ಹರಿಯುತ್ತಿತ್ತು. ಮೊಂಡಾದರೆ ಸಾಮಾನ್ಯ ಸಾಣೆಕಲ್ಲಿಗೆ ಬಗ್ಗುತ್ತಿರಲಿಲ್ಲ.

ಇದೆಲ್ಲ ಉಗ್ರಾಣದ ಕಿಟಕಿಯಿಂದ ಗೊನ್ಚಿಗ್‌ಗೆ ಕಾಣುತ್ತಿತ್ತು. ಒಂದು ದಿನ ಅವನು ನನ್ನ ಕೋಣೆಗೆ ಬಂದು, ಉಪ್ಪು ಹಾಕಿದ ಹಾಲಿನ ಚಹಾ ಕುಡಿದು, ಬಟ್ಟಲು ಬರಿದಾದ ಮೇಲೆ ಮಾತು ತೆಗೆದ.

"ಡಾಕ್ಟ್ರೇ, ಹುಡುಗರ ಹತ್ತು ಬೆರಳಿಗೆ ಯಾವ ಚಾಕೂ ಸರಿಹೋಗುತ್ತೆ. ನನ್ನ ಕೈಗೆ ಕೊಟ್ಟು ನೋಡಿ."

ಒಂದು ದಿನದ ಮಟ್ಟಿಗೆ ಅವನನ್ನು ಗಸ್ತಿನ ಜೊತೆ ಕಳಿಸಲು ನಾನೇ ಚೀಟಿ ಬರೆದು, ನಾನೂ ಹೊರಟೆ. ಅವನಿಗೆ ಮೂರನೆಯ ಚಾಕು ಕೊಟ್ಟೆವು, ತುವ್‌ದೆನ್ ಸೊಂಟದಲ್ಲಿ ಕಪ್ಪು ಚಾಕು. ಮಧ್ಯಾಹ್ನದ ಹೊತ್ತಿಗೆ, ಕಣಿವೆಯ ಮೇಲಿನ ಕಲ್ಲಿಳಿಜಾರಿನಲ್ಲಿ, ಬೂದು ಬಣ್ಣದ ಹೊರೆಕುದುರೆ ಜಾರಿ ಉರುಳಿತು. ಅದರ ಕೊರಳ ಹಗ್ಗ ಒಂದು ಬಂಡೆಗೆ ಸುತ್ತಿಕೊಂಡು ಬಿಗಿಯಿತು. ಕುದುರೆ ಕಾಲು ಬಡಿಯುತ್ತ ಉಸಿರು ಕಟ್ಟಿ ಗೊರಗುಟ್ಟಿತು. ಹತ್ತಿರವಿದ್ದವನು ಗೊನ್ಚಿಗ್. ನಾನು ನೋಡುತ್ತಿದ್ದಂತೆ ಅವನು ಇಳಿದು, ಒರೆಯಿಂದ ಚಾಕು ಸೆಳೆದು, ಕಟ್ಟಿಗೆಯಂತೆ ಸೆಟೆದಿದ್ದ ಹಗ್ಗಕ್ಕೆ ಹಾಕಿ ಎಳೆದ. ಒಂದು, ಎರಡು. ಮೂರನೇ ಸಲಕ್ಕೆ ಚಾಕು ಗವಸಿನೊಳಗೆ ತಿರುಗಿ, ಕೈ ತಪ್ಪಿ, ಹಿಮದ ಮೇಲೆ ಜಾರುತ್ತ ಕೆಳಗೆ ಹೋಯಿತು.

ಅವನು ಬರಿದಾದ ಗವಸು ನೋಡುತ್ತ ನಿಂತುಬಿಟ್ಟ. ಅಷ್ಟರಲ್ಲಿ ತುವ್‌ದೆನ್ ಹಾರಿ ಬಂದು ಕಪ್ಪು ಚಾಕುವಿನಿಂದ ಹಗ್ಗವನ್ನು ಕೊಯ್ಯತೊಡಗಿದ. ಹತ್ತೋ ಹನ್ನೆರಡೋ ಸಲ ಎಳೆದ ಮೇಲೆ ಹಗ್ಗ ತುಂಡಾಯಿತು. ಕುದುರೆ ಕೆಮ್ಮುತ್ತ, ನಡುಗುತ್ತ ಎದ್ದು ನಿಂತಿತು. ನಾನು ಅದರ ಕೊರಳು, ಕಾಲು ಮುಟ್ಟಿ ನೋಡಿದೆ. ಎಲ್ಲವೂ ಸರಿಯಿತ್ತು.

ಗೊನ್ಚಿಗ್ ನನ್ನತ್ತ ತಿರುಗಿಯೂ ನೋಡಲಿಲ್ಲ. "ನೀವು ಬರೆದದ್ದೇ ಸರಿ, ಡಾಕ್ಟ್ರೇ. ಮತ್ತೆ ಅದನ್ನೇ ಬರೀರಿ," ಎಂದ, ಕುದುರೆ ಹತ್ತಿದ. ಅವನಿಗೆ ಆಸೆ ಹುಟ್ಟಿಸಿದ ನನ್ನ ಚೀಟಿಯ ಮೇಲೆಯೇ ನನಗೆ ಸಿಟ್ಟು ಬಂತು.

ತುವ್‌ದೆನ್ ಮಾತ್ರ ಹೊರಡಲಿಲ್ಲ. ಮೊಣಕಾಲುದ್ದದ ಹಿಮದಲ್ಲಿ ಕೆಳಗಿಳಿದು, ಅರ್ಧ ಗಂಟೆ ತಡಕಾಡಿ, ಬಿದ್ದ ಚಾಕುವನ್ನು ಹುಡುಕಿ ತಂದ. ಆಮೇಲೆ ಬಂಡೆಯ ಬಳಿ ಬಿದ್ದಿದ್ದ ಹಗ್ಗದ ತುಂಡನ್ನೂ ಎತ್ತಿಕೊಂಡ. ತನ್ನ ಚಾಕು ಕುದುರೆಯನ್ನು ಉಳಿಸಿದ ಮೇಲೆ ಇನ್ನೇನು, ವಾದ ಮುಗಿಯಿತು ಎನ್ನುತ್ತಾನೆಂದು ನಾನು ಕಾಯುತ್ತಿದ್ದೆ. ಅವನು ಹಗ್ಗದ ತುದಿಯನ್ನು ನನ್ನ ಮುಖದ ಮುಂದೆ ಹಿಡಿದ. ಒಂದು ಬದಿ ಬೆಣ್ಣೆ ಕೊಯ್ದಂತೆ ನುಣ್ಣಗಿತ್ತು. ಇನ್ನೊಂದು ಬದಿ ಇಲಿ ಕಡಿದಂತೆ ಎಳೆಯೆಳೆಯಾಗಿ ಚಿಂದಿಯಾಗಿತ್ತು.

ಅವನು ಕುದುರೆ ಓಡಿಸಿ ಗೊನ್ಚಿಗ್‌ನನ್ನು ಹಿಡಿದ, ಹಿಂದೆಯೇ ನಾನೂ ಬಂದೆ. "ನೋಡಿ ಗೊನ್ಚಿಗಣ್ಣ, ನೀವು ಎರಡೇ ಸಲ ಎಳೆದದ್ದು. ಅರ್ಧ ಹಗ್ಗ ಹೋಗಿದೆ. ಉಳಿದರ್ಧಕ್ಕೆ ನಾನು ಒದ್ದಾಡಿಬಿಟ್ಟೆ. ಅಲಗು ಇದೇ ಸರಿ, ಅಜ್ಜಿ ಚಾಕು."

"ಅಲಗು ಸರಿ. ಕೈ ಸರಿಯಿಲ್ಲ," ಎಂದ ಗೊನ್ಚಿಗ್.

ಆಗ ನಾನು ಬಾಯಿ ಹಾಕಿದೆ. "ಕೈ ಜಾರಿದ ಇಪ್ಪತ್ತಮೂರು ಗಾಯ ಹೊಲಿದಿದೀನಿ, ಗೊನ್ಚಿಗಣ್ಣ. ಇಪ್ಪತ್ತಮೂರೂ ಹತ್ತು ಬೆರಳಿನ ಕೈಗಳೇ. ನಿಮ್ಮ ಕೈಲಿ ಜಾರಿದ್ದು ಅವರ ಕೈಲೂ ಜಾರುತ್ತೆ. ಹಿಡಿ ಸರಿಯಿಲ್ಲ, ಅದನ್ನ ಬರಿಗೈಗೆ ಅಂತ ಮಾಡಿದಾರೆ. ನಮ್ಮದು ವರ್ಷಕ್ಕೆ ಏಳು ತಿಂಗಳು ಗವಸಿನ ಕೈ."

ಸಂಜೆ ಠಾಣೆ ಮುಟ್ಟಿದೆವು. ಕುದುರೆಯ ಜೀನು ಇಳಿಸಿದ ಮೇಲೆ ಗೊನ್ಚಿಗ್ ತುವ್‌ದೆನ್‌ನತ್ತ ಕೈ ಚಾಚಿದ. ತುವ್‌ದೆನ್ ಚಾಕುವನ್ನು ಹಿಡಿಯ ಕಡೆ ಮುಂದಿಟ್ಟು, ಹಿರಿಯರಿಗೆ ಕೊಡುವಂತೆ ಕೊಟ್ಟ.

ಮರುದಿನ ಉಗ್ರಾಣದಿಂದ ಅರದ ಸದ್ದು ಕೇಳಿಸಿತು. ಗೊನ್ಚಿಗ್ ಹಳೆಯ ಹಿಡಿಯನ್ನು ಕಿತ್ತು, ಹಿಮದಲ್ಲಿ ಜಾರುವ ಮುರಿದ ಸ್ಕೀ ಪಟ್ಟಿಯೊಂದರ ಭೂರ್ಜಮರದಲ್ಲಿ ಹೊಸ ಹಿಡಿ ಕೆತ್ತುತ್ತಿದ್ದ. ಮೊದಲನೆಯದು ಗುಂಡಗಾಯಿತು, ಗವಸಿನೊಳಗೆ ಅಲಗಿನ ಬಾಯಿ ಎತ್ತ ತಿರುಗಿದೆಯೆಂದೇ ಗೊತ್ತಾಗುತ್ತಿರಲಿಲ್ಲ. ಎರಡನೆಯದು ತೀರ ದಪ್ಪ. ಅದನ್ನು ಹಿಡಿದ ಅಡುಗೆಯವನು, ಇದರಲ್ಲಿ ಚಾಕುವಿನ ಕೆಲಸ ಆಗದಿದ್ದರೆ ಸುತ್ತಿಗೆಯ ಕೆಲಸವಾದರೂ ಆಗುತ್ತದೆ ಎಂದು ರೇಗಿಸಿದ. ಗೊನ್ಚಿಗ್ ನಕ್ಕ. ಫೆಬ್ರವರಿಯಿಂದೀಚೆಗೆ ಅವನು ನಕ್ಕದ್ದನ್ನು ನಾನು ಕಂಡಿರಲಿಲ್ಲ. ಮೂರನೆಯದನ್ನು ನನ್ನ ಸಣ್ಣ ಕೈಗೂ, ಹೊರೆ ಎತ್ತುವ ಹುಡುಗರ ದೊಡ್ಡ ಕೈಗೂ ಕೊಟ್ಟು, ಜಾರುವ ಕಡೆ ಗುರುತು ಹಾಕಿಕೊಂಡ. ನಾಲ್ಕನೆಯದು ಮೊಟ್ಟೆಯನ್ನು ಉದ್ದಕ್ಕೆ ಎಳೆದಂತಿತ್ತು. ಅಲಗಿನ ಬಳಿ ಒಂದು ಉಬ್ಬು, ಕೊನೆಯಲ್ಲಿ ಇನ್ನೊಂದು, ಮಣಿಕಟ್ಟಿಗೆ ತೊಗಲಿನ ಕುಣಿಕೆ. ಬಣ್ಣವಿಲ್ಲ, ಕುರಿಬಾಲದ ಕೊಬ್ಬು ಸವರಿದ್ದ ಅಷ್ಟೆ.

ಡಿಸೆಂಬರ್ ಹತ್ತರಂದು, ಮೈನಸ್ ಮೂವತ್ತನಾಲ್ಕರಲ್ಲಿ, ಕ್ಯಾಪ್ಟನ್ ಎದುರಿಗೆ ಪರೀಕ್ಷೆ ನಡೆಯಿತು. ಕಂಬಕ್ಕೆ ಒದ್ದೆ ಮಾಡಿ ಹೆಪ್ಪುಗಟ್ಟಿಸಿದ ಹತ್ತು ಹಗ್ಗ ಕಟ್ಟಿದ್ದೆವು. ಗೊನ್ಚಿಗ್ ಗವಸನ್ನು ನೀರಲ್ಲಿ ಅದ್ದಿ ಹಾಕಿಕೊಂಡ. ಕೈ ನೋಡದೆ, ದೂರದ ಗುಡ್ಡ ನೋಡುತ್ತ, ಒಂದೊಂದಾಗಿ ಕೊಯ್ಯುತ್ತ ಹೋದ. ಆರನೆಯದರಲ್ಲಿ ಚಾಕು ತುಸು ತಿರುಗಿತು. ಅವನು ಅದನ್ನು ಅಂಗೈಯಲ್ಲೇ ಸರಿಪಡಿಸಿಕೊಂಡು ಹತ್ತನ್ನೂ ಮುಗಿಸಿದ. ಕ್ಯಾಪ್ಟನ್ ಹಗ್ಗದ ತುದಿಗಳನ್ನು ಸವರಿ ನೋಡಿ, ವರದಿ ಬರೆಯಿರಿ ಎಂದರು.

ವರದಿ ಬರೆಯಲು ಕೂತಾಗ ಹೊಸ ತೊಡಕೊಂದು ಎದುರಾಯಿತು. ಒಂದೇ ಅಳತೆಯ ಹಿಡಿ ಎಲ್ಲರ ಕೈಗೂ ಹೊಂದುವುದಿಲ್ಲ. ಅದಕ್ಕೆ ದಾರಿ ಹೊಳೆದದ್ದು ತುವ್‌ದೆನ್‌ಗೆ.

"ಅಲಗು ಮಾತ್ರ ತರಿಸೋಣ ಅಕ್ಕ, ಜೊತೆಗೆ ಕೆತ್ತದಿರೋ ಮರದ ತುಂಡು. ಗೊನ್ಚಿಗಣ್ಣ ತೋರಿಸಿಕೊಡಲಿ, ಅವರವರ ಗವಸಿಗೆ ಅವರವರೇ ಕೆತ್ತಿಕೊಳ್ಳಲಿ. ತಾನೇ ಮಾಡಿದ ಹಿಡಿಯನ್ನ ಯಾವನೂ ಹಾಸಿಗೆ ಕೆಳಗೆ ಬಿಸಾಕಲ್ಲ."

ಹಾಗೆಯೇ ಬರೆದೆವು. ಮೇಲಿನವರು ಒಪ್ಪುತ್ತಾರೆಂಬ ನಂಬಿಕೆ ನನಗೆ ಅಷ್ಟಾಗಿ ಇರಲಿಲ್ಲ. ಆದರೆ ಇನ್ನೊಂದು ಕಾಗದಕ್ಕೆ ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಗೊನ್ಚಿಗ್‌ನನ್ನು ಕರೆಸಿ ಎರಡು ದಿನ ಪರೀಕ್ಷಿಸಿದೆ. ಲಗಾಮು, ಗಂಟು, ಬಂದೂಕು, ಕುದುರೆಯ ಕಾಲುಕಟ್ಟು, ಎಲ್ಲವನ್ನೂ ಗವಸು ಹಾಕಿ ಮಾಡಿಸಿದೆ. ಬಂದೂಕಿನ ಕುದುರೆಯನ್ನು ಉಂಗುರಬೆರಳಿನಲ್ಲಿ ಎಳೆಯುವುದನ್ನು ಅವನು ಉಗ್ರಾಣದಲ್ಲಿ ಕೂತು, ಯಾರಿಗೂ ಹೇಳದೆ, ಹತ್ತು ತಿಂಗಳು ಕಲಿತಿದ್ದ. ಸ್ನೇಹಕ್ಕಾಗಿ ಒಂದಕ್ಷರವನ್ನೂ ಹೆಚ್ಚು ಬರೆಯಬಾರದೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ, ಬರೆಯುವ ಅಗತ್ಯವೂ ಬರಲಿಲ್ಲ. 'ಯೋಗ್ಯ' ಎಂದು ಬರೆದು ಕಾಗದವನ್ನು ಅವನತ್ತ ತಿರುಗಿಸಿದೆ. ಅವನು ಅದನ್ನು ಬಹಳ ಹೊತ್ತು ಓದಿದ. ಒಂದೇ ಪದ, ಓದಲು ಅಷ್ಟು ಹೊತ್ತು ಬೇಕಿರಲಿಲ್ಲ. ಆಮೇಲೆ ಬಲಗೈಯಲ್ಲಿ ಸಹಿ ಹಾಕಿದ, ಅಕ್ಷರ ಸೊಟ್ಟಪಟ್ಟ.

ಬಿಳಿ ತಿಂಗಳ ಹಬ್ಬದ, ಅಂದರೆ ನಮ್ಮ ಹೊಸ ವರ್ಷದ, ವಾರದಲ್ಲಿ ಮೇಲಿನಿಂದ ಉತ್ತರ ಬಂತು. ಮೂರನೆಯ ಚಾಕುವನ್ನು ಒಪ್ಪಿದ್ದರು. ನಮ್ಮ ಸಾಲಿನ ನಾಲ್ಕು ಠಾಣೆಗಳಿಗೆ ಮಾತ್ರ ಕೆತ್ತದ ಹಿಡಿ, ಸರಿಹೋದರೆ ಉಳಿದವರಿಗೂ ನೋಡೋಣ ಎಂದಿದ್ದರು. ಕಪ್ಪು ಚಾಕುಗಳನ್ನು ಹಿಂದಿರುಗಿಸಬೇಕೆಂದೂ ಬರೆದಿದ್ದರು. ತುವ್‌ದೆನ್ ಒಂದನ್ನು ಒರೆಸಿ ಒರೆಸಿ, ಎರಡು ದಿನ ತಡವಾಗಿ ಪೆಟ್ಟಿಗೆಗೆ ಹಾಕಿದ. ಚಾಕು ಚಂದವಿತ್ತು, ಅದನ್ನು ನಾನೂ ಅಲ್ಲಗಳೆಯಲಾರೆ.

ಮಾರ್ಚಿನಲ್ಲಿ ಅಲಗುಗಳು ಬಂದವು. ಮೂರು ವಾರ ಉಗ್ರಾಣದ ನೆಲವೆಲ್ಲ ಮರದ ಹೊಟ್ಟು. ಬೇರೆ ಠಾಣೆಗಳಿಂದಲೂ ಇಬ್ಬಿಬ್ಬರು ಬಂದು ಕಲಿತು ಹೋದರು. ಆ ಕೆಲಸ ಮುಗಿದ ಬೆಳಗ್ಗೆ ಗೊನ್ಚಿಗ್ ಎಂಟು ಜನರ ಗಸ್ತಿನ ಮುಂದೆ ಕಣಿವೆ ಹತ್ತಿದ. ಐದನೇ ದಿನ ಸಂಜೆ, ಹಿಮದ ಬಿಸಿಲಿಗೆ ಮುಖ ಸುಟ್ಟು ಕಪ್ಪಾಗಿ, ಹಸಿದು ಹಿಂತಿರುಗಿದ. ಪರೀಕ್ಷಿಸಲೆಂದು ಕೈ ಕೇಳಿದರೆ ಕೊಡಲಿಲ್ಲ, ಮೊದಲು ಮಾಂಸ ಕೊಡಿ ಎಂದ. ತಿನ್ನುತ್ತ, ಉತ್ತರದ ಕೊಳ್ಳದಲ್ಲಿ ಹಿಮಚಿರತೆಯೊಂದು ಎರಡು ಮರಿಗಳ ಜೊತೆ ದಾಟಿದ ಹೆಜ್ಜೆ ಕಂಡೆವೆಂದೂ, ಹನ್ನೊಂದು ವರ್ಷಗಳಿಂದ ಅಲ್ಲಿ ಒಂದೂ ಹೆಜ್ಜೆ ಕಂಡಿರಲಿಲ್ಲವೆಂದೂ ಹೇಳತೊಡಗಿದ. ಮರಿಯ ಹೆಜ್ಜೆ ಎಷ್ಟು ಸಣ್ಣದಿತ್ತೆಂದು ತೋರಿಸಲು ಬಟ್ಟಲನ್ನು ಬೋರಲು ಹಾಕಿ ಅದರ ಪುಟ್ಟ ತಳ ಮುಟ್ಟಿದ. ಹುಡುಗರು ಒಬ್ಬೊಬ್ಬರಾಗಿ ಬೆಂಚು ಎಳೆದುಕೊಂಡು ಹತ್ತಿರ ಕೂತರು.