ಹುರುಳಿಯ ದನಿ

ಓಬಯ್ಯ ಅಟ್ಟದಿಂದ ಬಿದ್ದು ಭುಜದ ಮೂಳೆ ಮುರಿದುಕೊಂಡಾಗ ಮದುವೆಗಳ ಕಾಲ ಆಗತಾನೇ ಶುರುವಾಗಿತ್ತು. ಆವರಗೆರೆಯ ಅವನ ಮನೆಯಲ್ಲಿ ಮೆರವಣಿಗೆಯ ಸಾರೋಟು ಒಂದಿತ್ತು, ಅದಕ್ಕೆ ಕಟ್ಟುವ ಬಿಳಿ ಕುದುರೆಗಳು ಎರಡು, ಬಾದಶಾ ಮತ್ತು ಮಾಣಿಕ್ಯ. ದುಡಿಯದ ಕುದುರೆಗಳನ್ನು ಸಾಕುವುದು ತನ್ನಿಂದಾಗದು, ಮಾರಿಬಿಡೋಣ ಎಂದು ಓಬಯ್ಯ ಮಲಗಿದಲ್ಲೇ ತೀರ್ಮಾನ ಕೊಟ್ಟ. ನೋವು ಭುಜಕ್ಕಾದರೆ ಸಿಟ್ಟು ಕುದುರೆಗಳ ಮೇಲೆ. ಅವನದು ಯಾವತ್ತೂ ಹಾಗೇ.

ಅವನ ಹೆಂಡತಿ ಸರೋಜಾ ಒಪ್ಪಲಿಲ್ಲ. ಮರಿಗಳಾಗಿ ಬಂದಾಗಿನಿಂದ ಅವುಗಳ ಮೈ ತಿಕ್ಕಿ, ಹುರುಳಿ ಬೇಯಿಸಿ ಹಾಕಿದವಳು ಅವಳು.

“ಸಾರೋಟು ನಾನು ಹೊಡೀತೀನಿ,” ಎಂದಳು.

ಓಬಯ್ಯ ನಗಲು ಹೋಗಿ ಭುಜ ಹಿಡಿದುಕೊಂಡ. “ಸರಸ್ವತಿ ನಗರದ ಮದುವಿಗೆ ಮಾತು ಕೊಟ್ಟೀನಿ. ಅದೊಂದು ನೆಟ್ಟಗೆ ಮುಗಿಸ್ಕೊಂಡು ಬಾ. ಇಲ್ಲಾಂದ್ರೆ ಮಾರಾದೇ.”

ಹರಿಹರದ ಸ್ಟೇಷನ್ ಮುಂದೆ ಜಟಕಾ ಹೊಡೆದೇ ಮುದುಕನಾದ ಫಜಲುಲ್ಲಾ ಕಲಿಸಲು ಒಪ್ಪಿದ. ಬೆಳಿಗ್ಗೆ ಬಸ್ಸಿಗೆ ಬಂದು, ಊರಾಚೆಯ ಹೊಸ ಬಡಾವಣೆಗೆ ಸಾರೋಟು ತರಿಸಿದ. ಅಲ್ಲಿ ರಸ್ತೆಗಳಾಗಿದ್ದವು, ಮನೆಗಳು ಇನ್ನೂ ಎದ್ದಿರಲಿಲ್ಲ.

“ಬಾವಿ ನೀರು ಸೇದಿದಂಗೆ ಎಳೀಬ್ಯಾಡ್ರಿ ತಂಗೆಮ್ಮಾ. ಲಗಾಮಿನ ಆ ತುದಿ ಅವುಗಳ ಬಾಯಾಗ ಐತೆ.”

ಸರೋಜಾ ಕೈ ಸಡಿಲಿಸಿ, “ನಡೀರೋ ನನ್ನಪ್ಪಗಳಾ,” ಎಂದಳು. ಕುದುರೆಗಳು ಗಕ್ಕನೆ ನಿಂತು, ಕತ್ತು ಹೊರಳಿಸಿ ಅವಳನ್ನೇ ನೋಡಿದವು. ಮತ್ತೆ ಮುದ್ದು ಮಾಡಿ ಕರೆದರೆ ಬಾದಶಾ ಖಾಲಿ ಬಾಯಿ ಆಡಿಸತೊಡಗಿದ. ಮರುದಿನವೂ ಅದೇ ಹಾಡು. ಅವಳು ಬೈದರೂ ನಿಂತವು, ಬೇಡಿಕೊಂಡರೂ ನಿಂತವು.

ಫಜಲುಲ್ಲಾ ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. “ನಿಮ್ಮ ದನಿ ಕೇಳಿದ್ರೆ ಹುರುಳಿ ಬಂತು ಅಂದ್ಕೊಂತಾವೆ ಅವು! ಬಾಯಿ ಬಿಡಬ್ಯಾಡ್ರಿ. ಏನಿದ್ರೂ ಕೈಯಾಗೇ ಹೇಳ್ರಿ.”

ಸಾರೋಟು ಹೊಡೆಯುವುದಕ್ಕಿಂತ ಬಾಯಿ ಮುಚ್ಚಿಕೊಂಡಿರುವುದೇ ಸರೋಜಾಗೆ ಕಷ್ಟವೆಂದು ಇಡೀ ಓಣಿಗೆ ಗೊತ್ತಿತ್ತು. ಬಾಯಲ್ಲೊಂದು ಅಡಿಕೆ ಹೋಳು ಇಟ್ಟುಕೊಂಡು ಹೇಗೋ ತಡೆದಳು. ತಿರುವಿನಲ್ಲಿ ಯಾವ ಲಗಾಮು ಬಿಗಿಯಬೇಕು, ಮೈಗಳ್ಳ ಮಾಣಿಕ್ಯ ಭಾರವನ್ನೆಲ್ಲ ಬಾದಶಾನ ಮೇಲೆ ಬಿಟ್ಟು ಸುಮ್ಮನೆ ಜೊತೆಗೆ ನಡೆಯುವುದನ್ನು ಹೇಗೆ ಹಿಡಿಯಬೇಕು, ಎಲ್ಲ ಮೆಲ್ಲಗೆ ಕೈಗೆ ಹತ್ತಿತು.

ಮದುವೆಯ ಹಿಂದಿನ ಸಂಜೆ ಮೆರವಣಿಗೆ ಹೊರಟಿತು. ಮದುಮಗ ಶಿವಕುಮಾರ ಪೇಟ ಸುತ್ತಿಕೊಂಡು, ತೊಡೆಯ ಮೇಲೆ ತೆಂಗಿನಕಾಯಿ ಬಾಳೆಹಣ್ಣಿನ ತಟ್ಟೆ ಇಟ್ಟುಕೊಂಡು ಹಿಂದೆ ಕೂತಿದ್ದ. ಕೈಗೆ ಜೋಳಿಗೆ ಕಟ್ಟಿಕೊಂಡ ಓಬಯ್ಯ ಪಕ್ಕದಲ್ಲೇ ನಡೆಯುತ್ತಿದ್ದ. ಎದುರಿಗೆ ಬ್ಯಾಂಡು, ಅದರ ಹಿಂದೆ ಕುಣಿಯುವ ಹೆಣ್ಣುಮಕ್ಕಳು. ಸರೋಜಾ ತುಟಿ ಬಿಚ್ಚಲಿಲ್ಲ.

ಕಲ್ಯಾಣ ಮಂಟಪ ಕಾಣುತ್ತಿದ್ದಂತೆ ಯಾರೋ ಪುಣ್ಯಾತ್ಮ ಕುದುರೆಗಳ ಕಾಲ ಬುಡದಲ್ಲೇ ಪಟಾಕಿ ಸರಕ್ಕೆ ಬೆಂಕಿ ಹಚ್ಚಿದ. ಬಾದಶಾ ಮುಂಗಾಲೆತ್ತಿದ. ಮಾಣಿಕ್ಯ ಪಕ್ಕಕ್ಕೆ ಚಿಮ್ಮಿದ. ಸಾರೋಟು ವಾಲಿ, ಮುಂದಕ್ಕೆ ನುಗ್ಗಿತು. ಸರೋಜಾ ಬಲವೆಲ್ಲ ಹಾಕಿ ಎಳೆದಳು. ಅಂಗೈ ಉರಿಯಿತೇ ಹೊರತು ಕುದುರೆಗಳು ನಿಲ್ಲಲಿಲ್ಲ. ಎದುರಿನ ಹೆಣ್ಣುಮಕ್ಕಳು ಕಿರುಚಿದರು. ಕಲಿತದ್ದೆಲ್ಲ ಮರೆತುಹೋಯಿತು. ಅಡಿಕೆ ಹೋಳನ್ನು ಉಗಿದು, ಹಿತ್ತಲಲ್ಲಿ ಬುಟ್ಟಿ ಹಿಡಿದು ಕರೆಯುವ ಹಾಗೆ ಕೂಗಿದಳು:

“ಬಾದಶಾ! ಮಾಣಿಕ್ಯಾ! ಬರ್ರೋ ನನ್ನಪ್ಪಗಳಾ, ಬರ್ರೋ!”

ಎರಡೂ ಗಕ್ಕನೆ ನಿಂತವು. ಪಟಾಕಿ ಇನ್ನೂ ಸಿಡಿಯುತ್ತಲೇ ಇತ್ತು. ಹೊಗೆಯ ನಡುವೆ ಎರಡು ಬಿಳಿ ಕತ್ತುಗಳು ಹೊರಳಿ ಅವಳನ್ನೇ ನೋಡಿದವು. ಯಾರಿಗೂ ಒಂದು ಗೀರು ಕೂಡ ಆಗಿರಲಿಲ್ಲ. ಸದ್ಯ ಎಂದು ಸರೋಜಾಗೆ ಅಳುವೇ ಬಂದುಬಿಟ್ಟಿತು.

ಆದರೆ ಕುದುರೆಗಳು ಕಣ್ಣು ಕೀಳಲಿಲ್ಲ. ಕರೆದು ಬರಿಗೈ ತೋರಿಸಿದರೆ ನಾಳೆಯಿಂದ ಇವು ತನ್ನನ್ನು ನಂಬುತ್ತವೆಯೇ? ಅವಳು ಹಿಂದಕ್ಕೆ ತಿರುಗಿದಳು.

“ಅಪ್ಪಾ, ಆ ಬಾಳೆಹಣ್ಣು ಕೊಡ್ರಿ.”

ಬೆವರಿ ತೊಪ್ಪೆಯಾಗಿದ್ದ ಮದುಮಗ ತಟ್ಟೆಯನ್ನೇ ಚಾಚಿದ. ಓಬಯ್ಯ ಇದ್ದೊಂದು ಕೈಯಲ್ಲಿ ಹಣ್ಣು ತೆಗೆದುಕೊಂಡು ಎರಡಕ್ಕೂ ತಿನ್ನಿಸಿದ. ಬಾದಶಾನ ಹಣೆಯನ್ನು ಬಹಳ ಹೊತ್ತು ಸವರಿದ. ಆಮೇಲೆ ಹೆಂಡತಿಯ ಮುಖ ನೋಡದೆ ಹೇಳಿದ:

“ಹುರುಳಿ ತೀರೈತೆ ಅಂತಿದ್ದೆಯಲ್ಲ, ನಾಳೆ ಒಂದು ಚೀಲ ತರಿಸ್ತೀನಿ.”

ಸರೋಜಾಳ ಎದೆಯ ಭಾರ ಇಳಿಯಿತು. ಆಡಬೇಕಾದ ಮಾತು ರಾಶಿ ಇತ್ತು. ಆದರೆ ಮಂಟಪ ಇನ್ನೂ ಮುಂದಿತ್ತು; ಬಾಯಿ ಮುಚ್ಚಿಕೊಂಡು ಲಗಾಮು ಸಡಿಲಿಸಿದಳು.