ನಲವತ್ತೆಂಟು ಕೆ.ಜಿ.

ಬೈಕಿಗೆ ಹೊಸ ಶಾಕ್ ಅಬ್ಸಾರ್ಬರ್ ತರಿಸುವ ಫಾರ್ಮಿನ ಆರನೆಯ ಸಾಲು ಓಡಿಸುವವರ ತೂಕ ಎಷ್ಟು ಎಂದು ಕೇಳುತ್ತಿತ್ತು. ಅವಳು 48 ಎಂದು ತುಂಬಿ, ಕಳುಹಿಸುವ ಗುಂಡಿ ಒತ್ತಿಬಿಟ್ಟಳು. ಒತ್ತಿದ ಮೇಲೆ ಎದೆ ಹೊಡೆದುಕೊಳ್ಳಬಹುದು ಎಂದುಕೊಂಡಿದ್ದಳು. ಹೊಡೆದುಕೊಳ್ಳಲಿಲ್ಲ. ಏಳು ತಿಂಗಳಿಂದ ಅದು ತನ್ನ ಪಾಡಿಗೆ ತಾನು ನಡೆಯುತ್ತಿತ್ತು, ಅಷ್ಟೆ.

"ಆರ್ಡರ್ ಆಯ್ತಾ?" ಪಕ್ಕದ ಕುರ್ಚಿಯಲ್ಲಿದ್ದ ಭಾವ, ಗಂಡನ ಅಣ್ಣ, ಕೇಳಿದರು.

"ಆಯ್ತು."

"ಒಳ್ಳೇದು. ಹಿಂದಿನ ಶಾಕ್ ಹೋಗಿದೆ ಅಂತ ಗಾಡಿ ನೋಡೋಕೆ ಬಂದೋರೆಲ್ಲ ಮೂಗು ಮುರೀತಿದ್ರು. ಹೊಸದು ಹಾಕಿಸಿದ್ರೆ ಕಣ್ಮುಚ್ಚಿ ತಗೊಂಡ್ಹೋಗ್ತಾರೆ. ನೀನೇ ಮುಂದೆ ಬಿದ್ದು ಮಾಡ್ತಿದೀಯಲ್ಲ, ನನಗೆಷ್ಟು ಸಮಾಧಾನ ಗೊತ್ತಾ?"

ಭಾವನವರಿಗೆ ಸಮಾಧಾನವಾಗಿದ್ದಕ್ಕೆ ಕಾರಣ ಒಂದೇ: ಅವರು ಆ ಫಾರ್ಮನ್ನು ಓದಿರಲಿಲ್ಲ.

ಗಾಡಿ ಅವಳ ಗಂಡನದು. ಹತ್ತೊಂಬತ್ತು ವರ್ಷ ಹಳೆಯ ಸ್ಪೋರ್ಟ್ಸ್ ಬೈಕು. ಕೂತವನನ್ನು ಟ್ಯಾಂಕಿನ ಮೇಲೆ ಬೋರಲು ಮಲಗಿಸುವಂಥದ್ದು. ಮದುವೆಗೆ ಮುಂಚೆ ಯಾರದೋ ಕೈಯಿಂದ ತಂದಿದ್ದ. ಮನೆಯಲ್ಲಿ ಎಲ್ಲರೂ ಅದನ್ನು ಗೂಳಿ ಎನ್ನುತ್ತಿದ್ದರು. ಏಳು ತಿಂಗಳ ಹಿಂದೆ ಅವನು ಸತ್ತದ್ದು ಅದರ ಮೇಲಲ್ಲ. ಆಫೀಸಿನ ಎರಡನೆಯ ಮಹಡಿಯಲ್ಲಿ, ಮೀಟಿಂಗಿನ ಮಧ್ಯೆ, ಯಾರೋ ತನ್ನನ್ನು ಏನೋ ಕೇಳುತ್ತಿದ್ದಾಗ, ಹೃದಯ ನಿಂತು. ಅವನಿಗಾಗ ಮೂವತ್ತನಾಲ್ಕು ವರ್ಷ. ಆಮೇಲೆ ಗೂಳಿ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲೇ ನಿಂತಿತು.

ಅವಳಿಗೆ ಅದನ್ನು ಓಡಿಸಲು ಬರುತ್ತದೆ ಎನ್ನುವುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮುಚ್ಚಿಹೋದ ಕಾರ್ಖಾನೆಯ ಹಿಂದಿನ ರಸ್ತೆಯಲ್ಲಿ ಅವನೇ ಕಲಿಸಿದ್ದ. ಎರಡು ಸಲ ಬಿದ್ದಿದ್ದಳು. ಬಚ್ಚಲಲ್ಲಿ ಜಾರಿದೆ ಎಂದು ಅತ್ತೆಗೆ ಹೇಳಿದ್ದಳು. ಲೈಸೆನ್ಸು ಕಾಲೇಜಿನ ಗುರುತಿನ ಚೀಟಿಯ ಹಿಂದೆ ಇತ್ತು.

ಕಾಗದಪತ್ರ ಮಾತ್ರ ಅತ್ತೆಯ ಕಬ್ಬಿಣದ ಪೆಟ್ಟಿಗೆಯಲ್ಲಿತ್ತು. ಗಾಡಿಗೆ ಹಕ್ಕುದಾರರು ಇಬ್ಬರು, ತಾಯಿ ಮತ್ತು ಹೆಂಡತಿ. ಯಾರ ಹೆಸರಿಗೆ ಹೋಗಬೇಕಾದರೂ ಅತ್ತೆಯ ಸಹಿ ಬೇಕು. ಭಾವ ಗಿರಾಕಿ ಹುಡುಕಿ ಭಾನುವಾರ ಹನ್ನೊಂದಕ್ಕೆ ಬರಹೇಳಿದ್ದರು. ಅತ್ತೆ, "ಬರೋರು ಬರ್ಲಿ, ನೋಡ್ಲಿ. ಆಮೇಲೆ ಸೈನ್ ಮಾತು" ಎಂದಿದ್ದರು. ಸೊಸೆಯ ಕಡೆ ಒಮ್ಮೆ ನೋಡಿದ್ದರು. ಸೊಸೆ ತಟ್ಟೆ ತೊಳೆಯಲು ಎದ್ದು ಹೋಗಿದ್ದಳು.

ಅವಳ ಲೆಕ್ಕಾಚಾರ ಸರಳವಾಗಿತ್ತು. ಹಿಂಚಕ್ರಕ್ಕೂ ಸೀಟಿಗೂ ನಡುವೆ ನಿಂತು ರಸ್ತೆಯ ಪೆಟ್ಟನ್ನೆಲ್ಲ ನುಂಗುವುದು ಶಾಕು. ಅದರ ಸ್ಪ್ರಿಂಗನ್ನು ಕೂರುವವರ ತೂಕ ನೋಡಿ ಆರಿಸುತ್ತಾರೆ. ನಲವತ್ತೆಂಟು ಕೆ.ಜಿ.ಗೆ ಆರಿಸಿದ ಸ್ಪ್ರಿಂಗಿನ ಮೇಲೆ ದಪ್ಪ ಗಂಡಸು ಕೂತರೆ ಬಾಲ ಕುಸಿಯುತ್ತದೆ, ಮೊದಲ ಹಳ್ಳಕ್ಕೇ ಬುಡ ಬಡಿಯುತ್ತದೆ. ಬಂದವನು ಬೇಡ ಎಂದು ಹೋಗುತ್ತಾನೆ. ಅವಳು ಬಾಯಿ ತೆರೆಯಬೇಕಾದ ಪ್ರಸಂಗವೇ ಬರುವುದಿಲ್ಲ. ಆ ಕೊನೆಯ ಭಾಗವೇ ಅವಳಿಗೆ ಎಲ್ಲಕ್ಕಿಂತ ಹಿಡಿಸಿತ್ತು.

ಗುರುವಾರ ಪೆಟ್ಟಿಗೆ ಬಂತು. ಮಗುವಿನಷ್ಟು ಭಾರ. ಎತ್ತಿಕೊಂಡು ಗ್ಯಾರೇಜಿಗೆ ಹೋದಳು. ಗಂಡನ ಗಾಡಿಯನ್ನು ಇಷ್ಟು ವರ್ಷ ನೋಡಿಕೊಂಡ ಮೆಕ್ಯಾನಿಕ್ಕು ಹೊದಿಕೆ ಬಿಚ್ಚಿ ನೋಡಿ ಶಿಳ್ಳೆ ಹಾಕಿದ.

"ಮೇಡಂ, ಮಾಲು ಸಖತ್ತಾಗಿದೆ. ಆದ್ರೆ ಆ ಗಾಡಿಗೆ ಇದನ್ನ ಹಾಕೋದು ಅಂದ್ರೆ, ನಮ್ಮಜ್ಜನಿಗೆ ಹೊಸ ಹಲ್ಲು ಕಟ್ಟಿಸಿದ ಹಾಗೆ. ಅಗಿಯೋಕೆ ದವಡೆ ಬೇಕಲ್ಲ?"

"ಯಾವಾಗ ಹಾಕ್ಕೊಡ್ತೀರಿ?"

"ಹತ್ತು ದಿನ ಬಿಟ್ಟು ಬನ್ನಿ."

"ಭಾನುವಾರದೊಳಗೆ ಆಗಬೇಕು."

"ಹಾಗಾದ್ರೆ ನೀವೇ ಹಾಕ್ಕೊಳ್ಳಿ" ಎಂದು ನಕ್ಕ.

"ಆಯ್ತು. ಪಾನಾ ಕೊಡಿ" ಎಂದಳು.

ಅವನ ನಗು ಅರ್ಧದಲ್ಲಿ ನಿಂತಿತು. ಅವಳ ಮುಖ ನೋಡಿದ, ಪೆಟ್ಟಿಗೆ ನೋಡಿದ, ಒಳಗೆ ಹೋಗಿ ಪಾನಾಗಳ ಸುರುಳಿ, ಎರಡಡಿ ಉದ್ದದ ಕೊಳವೆ, ಲಾರಿಯವರು ಸರಕು ಬಿಗಿಯುವ ಪಟ್ಟಿ ತಂದು ಮುಂದಿಟ್ಟ.

"ಒಂದು ಮಾತು ಕೇಳಿ. ಹಿಂದಿನ ಸ್ಟ್ಯಾಂಡ್ ಹಾಕಿ, ಗಟ್ಟಿಯಾಗಿ ನಿಂತಿದೆ ಅಂದ್ಕೊಂಡು ಶಾಕ್ ಬಿಚ್ಚಿಬಿಡ್ತಾರೆ. ಸ್ಟ್ಯಾಂಡು ಹಿಡಿಯೋದು ಚಕ್ರದ ತೋಳನ್ನ, ಗಾಡೀನ ಅಲ್ಲ. ಬೋಲ್ಟ್ ಬಂದ ತಕ್ಷಣ ಇಡೀ ಮೈ ನಿಮ್ಮ ಕೈ ಮೇಲೆ ಕೂರುತ್ತೆ. ಮೇಲಿಂದ ನೇತು ಹಾಕಿ."

"ಸರಿ."

"ಆಗಲಿಲ್ಲ ಅಂದ್ರೆ ಫೋನ್ ಮಾಡಿ."

"ಮಾಡಲ್ಲ" ಎಂದಳು. ಒರಟಾಗಿ ಹೇಳಬೇಕೆಂದಿರಲಿಲ್ಲ. ಹಾಗೇ ಬಂತು.

ಅವಳು ಕೆಲಸ ಮಾಡುತ್ತಿದ್ದದ್ದು ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ. ಸ್ಪ್ರಿಂಗಿಗೆ ತೂಕ ನೇತುಹಾಕಿ ಎಷ್ಟು ಇಳಿಯಿತೆಂದು ಅಳೆಯುವುದು ಅವಳು ಮೊದಲ ವರ್ಷದವರಿಗೆ ಮಾಡಿಸುವ ಮೊದಲ ಪ್ರಯೋಗ. ಸ್ಪ್ರಿಂಗಿನ ವಿಷಯದಲ್ಲಿ ತನಗೆ ಗೊತ್ತಿಲ್ಲದ್ದು ಕಡಿಮೆ ಎಂದುಕೊಂಡಿದ್ದಳು. ತುಕ್ಕಿನ ವಿಷಯದಲ್ಲಿ ಏನೂ ಗೊತ್ತಿಲ್ಲ ಎನ್ನುವುದು ಶನಿವಾರ ಬೆಳಿಗ್ಗೆ ತಿಳಿಯಿತು.

ಸೀಟು ಬಿಚ್ಚಿದಳು, ಪಕ್ಕದ ಹೊದಿಕೆಗಳನ್ನು ಬಿಚ್ಚಿದಳು. ಶೆಡ್ಡಿನ ಕಬ್ಬಿಣದ ತೊಲೆಗೆ ಪಟ್ಟಿ ಬಿಗಿದು, ಗೂಳಿಯ ಹಿಂಭಾಗವನ್ನು ಇಷ್ಟಿಷ್ಟೇ ಎತ್ತಿ, ಚಕ್ರ ನೆಲ ಬಿಟ್ಟು ತೂಗುವಂತೆ ಮಾಡಿದಳು. ಕೆಳಗಿನ ಬೋಲ್ಟು ಒಳ್ಳೆಯ ಮನೆಯ ಮಗನ ಹಾಗೆ ತಿರುಗಿ ಬಂತು. ಮೇಲಿನದು ಜಪ್ಪಯ್ಯ ಅನ್ನಲಿಲ್ಲ. ಎಣ್ಣೆ ಹೊಡೆದಳು, ಸುತ್ತಿಗೆಯಿಂದ ತಟ್ಟಿದಳು. ಪಾನಾ ಜಾರಿ ಬೆರಳ ಗೆಣ್ಣು ಸುಲಿಯಿತು. ಪಾನಾದ ಹಿಡಿಗೆ ಕೊಳವೆ ಸಿಕ್ಕಿಸಿ, ಮೊಣಕಾಲೂರಿ, ಮೈಯ ನಲವತ್ತೆಂಟು ಕೆ.ಜಿ.ಯನ್ನೂ ಅದರ ಮೇಲೆ ಹೇರಿದಳು.

ಬೋಲ್ಟು ಕಿರ್ರೆಂದಿತು. ಸುತ್ತ ಯಾರಿಲ್ಲವೆಂದುಕೊಂಡು ಅವಳು ಅದಕ್ಕೆ ಒಂದು ಬೈಗುಳ ಬೈದಳು.

"ಬಾಯಲ್ಲಿ ಮಾತಿದೆ ಹಾಗಾದ್ರೆ" ಎಂದರು ಅತ್ತೆ ಬಾಗಿಲಲ್ಲಿ.

ಅತ್ತೆ ಮೂವತ್ತು ವರ್ಷ ಬಟ್ಟೆ ಹೊಲಿದು ಇಬ್ಬರು ಮಕ್ಕಳನ್ನು ಸಾಕಿದವರು. ಕೊರಳಲ್ಲಿ ಅಳತೆಯ ಟೇಪು ಈಗಲೂ ನೇತಾಡುತ್ತಿತ್ತು. ಅವರು ಕೆಳಗೆ ಕೂತು, ಕೊನೆಗೂ ಬೋಲ್ಟು ಬಿಟ್ಟು ಹೊರಗೆ ಬಂದು ಬಿದ್ದ ಹಳೆಯ ಶಾಕನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಎಣ್ಣೆ ಸೋರಿ, ಅದರ ಮೇಲೆ ಧೂಳು ಕೂತು, ಕರ್ರಗೆ ಹೆಪ್ಪುಗಟ್ಟಿತ್ತು.

"ಇದನ್ನ ಇಟ್ಕೊಂಡು ಓಡಾಡ್ತಿದ್ನಾ?"

"ಹೂಂ. ಬದಲಾಯಿಸ್ತೀನಿ ಬದಲಾಯಿಸ್ತೀನಿ ಅಂತಿದ್ರು."

"ಎಲ್ಲಾ ಹಾಗೇ ಅವನು. ನಾಳೆ, ನಾಡಿದ್ದು." ಬೆರಳನ್ನು ಸೆರಗಿಗೆ ಒರೆಸಿಕೊಂಡರು. ಎದ್ದು ಹೋಗಲಿಲ್ಲ.

ಕೀಲುಗಳಿಗೆ ಹೊಸ ಗ್ರೀಸು ತುಂಬಿ, ಹೊಸ ಶಾಕನ್ನು ಕೆಳಗಿನಿಂದ ತೂರಿಸಿ ಎರಡೂ ಬೋಲ್ಟು ಬಿಗಿದು, ಸೀಟನ್ನು ಮತ್ತೆ ಕೂರಿಸುವಷ್ಟರಲ್ಲಿ ಮಧ್ಯಾಹ್ನ ಜಾರಿತ್ತು. ಇನ್ನು ಅಳತೆಯೊಂದು ಉಳಿದಿತ್ತು. ಅಲ್ಲಿ ಅವಳ ಹಟ ಕೈಕೊಟ್ಟಿತು. ಚಕ್ರ ತೂಗುವಾಗ ಅಚ್ಚಿನಿಂದ ಬಾಲದವರೆಗೆ ಎಷ್ಟು, ತಾನು ಮೇಲೆ ಕೂತಾಗ ಎಷ್ಟು ಎಂದು ನೋಡಬೇಕು. ತಾನು ಕೂತರೆ ಅಳೆಯುವವರಿಲ್ಲ. ಇಳಿದರೆ ಅಳತೆ ಇಲ್ಲ. ಗೋಡೆಗೆ ಒಂದು ಕೈ ಊರಿ ಇನ್ನೊಂದು ಕೈಯಲ್ಲಿ ಟೇಪು ಬಿಟ್ಟು ನೋಡಿದಳು. ಮೈ ತಿರುಚಿದರೆ ಅಳತೆಯೇ ತಿರುಚುತ್ತಿತ್ತು.

"ಕೂತ್ಕೋ ಸುಮ್ನೆ" ಎಂದು ಅತ್ತೆ ಟೇಪು ಕಸಿದುಕೊಂಡರು. "ಎಲ್ಲಿಂದ ಎಲ್ಲಿಗೆ?"

ತೋರಿಸಿದಳು. ತೂಗುವಾಗ ಐವತ್ನಾಲ್ಕು ಸೆಂಟಿಮೀಟರ್. ಪಟ್ಟಿ ಬಿಚ್ಚಿ, ಕಾಲೆರಡೂ ಫುಟ್‌ರೆಸ್ಟಿನ ಮೇಲಿಟ್ಟು, ಗೋಡೆಗೆ ಭುಜ ತಾಗಿಸಿ ಕೂತಳು. ಅತ್ತೆ ಕನ್ನಡಕ ಏರಿಸಿ ನೋಡಿ, "ಐವತ್ತೆರಡು" ಎಂದರು.

"ಸಾಲದು. ಮೂರು ಸೆಂಟಿಮೀಟರ್ ಇಳೀಬೇಕು. ಸ್ಪ್ರಿಂಗ್ ಸ್ವಲ್ಪ ಸಡಿಲ ಮಾಡ್ಬೇಕು."

ಇಳಿದು ಬಳೆಯಂಥ ನಟ್ಟನ್ನು ಒಂದು ಸುತ್ತು ಬಿಟ್ಟಳು. ಮತ್ತೆ ಕೂತಳು. ಮತ್ತೆ ಬಿಟ್ಟಳು. ಮೂರನೆಯ ಸಲ ಅತ್ತೆ, "ಐವತ್ತೊಂದು. ಸರಿಯಾಗಿ" ಎಂದರು. ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಅಲ್ಲೇ ನಿಂತರು.

"ನಾಳೆ ಬರೋನಿಗೆ ನಿನ್ನ ಅಳತೆ ಯಾಕೆ ಹಿಡಿಸ್ತಿದೀಯ?"

ಅವಳು ಸೀಟಿನ ಮೇಲಿಂದ ಇಳಿಯಲಿಲ್ಲ.

"ಕೇಳಿದ್ದು ಕೇಳಿಸ್ತಾ?"

"ಕೇಳಿಸ್ತು."

"ಹಾಂ. ಕೇಳಿಸುತ್ತೆ. ಕಿವಿಗೇನೂ ಆಗಿಲ್ಲ." ಅತ್ತೆ ಒಳಗೆ ಹೋದರು.

ಭಾನುವಾರ ಹನ್ನೊಂದಕ್ಕೆ ಸರಿಯಾಗಿ ಬಂದ ಗಿರಾಕಿಯನ್ನು ನೋಡಿ ಅವಳಿಗೆ ಒಳಗೊಳಗೇ ಹಿಗ್ಗಾಯಿತು. ಊರಿಗೆಲ್ಲ ಪೈಲ್ವಾನ್ ಎಂದೇ ಪರಿಚಿತ. ವ್ಯಾಯಾಮದ ಕೇಂದ್ರ ನಡೆಸುವವನು. ಬಾಗಿಲಲ್ಲಿ ಓರೆಯಾಗಿ ಒಳಬರುವ ಮೈಕಟ್ಟು, ತೊಂಬತ್ತೈದಕ್ಕೆ ಒಂದು ಗ್ರಾಮೂ ಕಡಿಮೆಯಿಲ್ಲ. ಅವನು ಗೂಳಿಯ ಮೇಲೆ ಕೂತ. ಬಾಲ ಮುಗ್ಗರಿಸಿದ ಹಾಗೆ ಕೆಳಗಿಳಿಯಿತು. ರಸ್ತೆಗೆ ಒಯ್ದ. ಮೂಲೆಯ ಉಬ್ಬಿನ ಮೇಲೆ ಹಾರಿದಾಗ ಧಡ್ ಎಂಬ ಸದ್ದು ಶೆಡ್ಡಿನವರೆಗೆ ಕೇಳಿಸಿತು. ಭಾವ ಹಲ್ಲು ಕಚ್ಚಿದರು.

ವಾಪಸು ಬಂದ ಪೈಲ್ವಾನ್ ಮೊಣಕಾಲೂರಿ ಸ್ಪ್ರಿಂಗನ್ನು ಬಗ್ಗಿ ನೋಡಿದ. "ಇದು ಎಷ್ಟು ಕೆ.ಜಿ.ಗೆ ಹಾಕಿರೋದು?"

ಭಾವ, "ಎಲ್ಲರಿಗೂ ಆಗುತ್ತೆ ಸಾರ್" ಎಂದರು.

"ನಲವತ್ತೆಂಟಕ್ಕೆ" ಎಂದಳು ಅವಳು.

"ನಲವತ್ತೆಂಟಾ?" ಪೈಲ್ವಾನ್ ಹೊಟ್ಟೆ ಕುಲುಕಿಸಿ ನಕ್ಕ. "ಮೇಡಂ, ನನ್ನ ಒಂದು ಕಾಲೇ ಅಷ್ಟಿದೆ!"

ಭಾವ ಅವಳ ಕಡೆ ತಿರುಗಿದರು. ಮುಖಕ್ಕೆ ರಕ್ತ ಏರುತ್ತಿತ್ತು. "ನಲವತ್ತೆಂಟು ಅಂತ ಬರೆದ್ಯಾ? ಬೇಕು ಅಂತಲೇ?"

ಇಲ್ಲಿಯವರೆಗೆ ಎಲ್ಲವೂ ಅವಳು ಅಂದುಕೊಂಡ ಹಾಗೆ. ಪೈಲ್ವಾನ್ ಈಗ ತಲೆಯಾಡಿಸಿ ಹೊರಡಬೇಕಿತ್ತು. ಅವನು ಹೊರಡಲಿಲ್ಲ.

"ಇರ್ಲಿ ಬಿಡಿ ಸಾರ್, ಬೈಬೇಡಿ. ಸ್ಪ್ರಿಂಗ್ ಒಂದು ಬದಲಾಯಿಸ್ಕೊಂಡ್ರೆ ಮುಗೀತು, ನನ್ನ ಹತ್ರ ಆಳಿದಾನೆ. ಶಾಕ್ ಹಾಕಿರೋ ಕೆಲಸ ಮಾತ್ರ ಬಹಳ ನೀಟಾಗಿದೆ. ಇಂಜಿನ್ನೂ ಚೆನ್ನಾಗಿದೆ. ನನಗೆ ಗಾಡಿ ಬೇಕು. ಕಾಗದ ತನ್ನಿ."

ಭಾವನ ಮುಖ ಅರಳಿತು. "ಅಮ್ಮಾ, ಪೆಟ್ಟಿಗೆ ಬೀಗ ತೆಗಿ!"

ಅತ್ತೆ ಆಗಲೇ ಕಾಗದಗಳನ್ನು ಕೈಯಲ್ಲಿ ಹಿಡಿದು ಹೊಸ್ತಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ಭಾವ ಕೈ ಚಾಚಿದರು. ಅತ್ತೆ ಕೊಡಲೂ ಇಲ್ಲ, ಹಿಂದಕ್ಕೆ ಎಳೆದುಕೊಳ್ಳಲೂ ಇಲ್ಲ. ಸೊಸೆಯನ್ನು ನೋಡುತ್ತ ನಿಂತರು.

ಸ್ಪ್ರಿಂಗು ಅವಳ ಪರವಾಗಿ ಮಾತಾಡಬಹುದಾದಷ್ಟು ಮಾತಾಡಿ ಮುಗಿಸಿತ್ತು. ಅವಳು ಗೂಳಿಯ ಮುಂದೆ ಹೋಗಿ, ಕೀಲಿಯನ್ನು ಕಿತ್ತು ಮುಷ್ಟಿಯಲ್ಲಿಟ್ಟುಕೊಂಡಳು.

"ಮಾರಲ್ಲ" ಎಂದಳು.

"ಏನಂದೆ?" ಎಂದರು ಭಾವ.

"ಗಾಡಿ ಮಾರಲ್ಲ. ನನಗೆ ಬೇಕು."

"ನಿನಗ್ಯಾಕಮ್ಮ? ಶೆಡ್ಡಲ್ಲಿ ನಿಲ್ಲಿಸಿ ನೋಡ್ತಾ ಕೂರೋಕಾ? ಅವನ ನೆನಪಿಗೆ ಅಂತ ಇಟ್ಕೊಳ್ಳೋದಾದ್ರೆ ವಾಚ್ ಇದೆ, ಫೋಟೋ ಇದೆ..."

"ನೆನಪಿಗಲ್ಲ. ಓಡಿಸೋಕೆ."

"ನೀನು? ಅದನ್ನ? ನೆಲಕ್ಕೆ ಕಾಲು ಸಿಗುತ್ತಾ ನಿನಗೆ?"

"ಒಂದು ಸಿಗುತ್ತೆ. ಒಂದು ಸಾಕು."

ಪೈಲ್ವಾನ್ ಮೆಲ್ಲಗೆ ಒಂದು ಹೆಜ್ಜೆ ಹಿಂದೆ ಸರಿದ. ಅಷ್ಟು ದೊಡ್ಡ ಮೈಗೆ ಸರಿಯಲು ಜಾಗ ಕಡಿಮೆಯಿತ್ತು. ಭಾವ ತಾಯಿಯ ಕಡೆ ತಿರುಗಿದರು. "ನೋಡಮ್ಮ, ನೋಡು. ಜನ ಏನಂತಾರೆ? ಗಂಡ ಹೋಗಿ ವರ್ಷ ತುಂಬಿಲ್ಲ, ಗೂಳಿ ಹತ್ಕೊಂಡು ತಿರುಗ್ತಾಳೆ ಅಂತಾರೆ."

"ಅನ್ಲಿ" ಎಂದಳು ಅವಳು. ದನಿ ತನ್ನದೇ ಎನ್ನುವುದು ಅವಳಿಗೆ ತುಸು ತಡವಾಗಿ ತಿಳಿಯಿತು. "ನಾನು ಅಳದೇ ಇದ್ದಾಗ್ಲೂ ಅಂದ್ರು. ಕೆಲಸಕ್ಕೆ ಹೋದಾಗ್ಲೂ ಅಂದ್ರು. ಇನ್ನೂ ಒಂದು ಅನ್ಲಿ."

ಅತ್ತೆ ಹೊಸ್ತಿಲಿಳಿದು ಬಂದರು.

"ಏಳು ತಿಂಗಳು" ಎಂದರು. ದನಿಯಲ್ಲಿ ಕರುಣೆಯೇನೂ ಇರಲಿಲ್ಲ, ಸಿಟ್ಟಿತ್ತು. "ಊಟ ಬೇಕಾ ಅಂದ್ರೆ ಹೂಂ. ಬೇಡ್ವಾ ಅಂದ್ರೆ ಹೂಂ. ಅವನ ಬಟ್ಟೆ ಯಾರಿಗಾದ್ರೂ ಕೊಡ್ಲಾ ಅಂದ್ರೂ ಹೂಂ. ಈ ಮನೇಲಿ ಒಂದಾದ್ರೂ ಬೇಕು ಅಂದಿದ್ಯಾ? ನಿನ್ನೆ ಕೇಳಿದ್ನಲ್ಲ, ಆಗ ಹೇಳೋಕೇನಾಗಿತ್ತು ರೋಗ? ಸ್ಪ್ರಿಂಗ್ ಕೈಲಿ ಹೇಳಿಸ್ತಾಳಂತೆ!"

"ಈಗ ಹೇಳಿದ್ನಲ್ಲ."

"ಇನ್ನೊಂದ್ಸಲ ಹೇಳು."

"ನನಗೆ ಬೇಕು ಅತ್ತೆ."

"ಪೆನ್ನು ಕೊಡು" ಎಂದರು ಅತ್ತೆ ಹಿರಿಯ ಮಗನಿಗೆ.

"ಅಮ್ಮಾ, ನಾಳೆ ಎಲ್ಲಾದ್ರೂ ಬಿದ್ರೆ?"

"ಬಿದ್ರೆ ಏಳ್ತಾಳೆ. ಪೆನ್ನು ಕೊಡೋ."

ಭಾವ ಎರಡೂ ಕೈ ಕಟ್ಟಿ ನಿಂತರು. ಜೇಬಿನಲ್ಲಿ ಪೆನ್ನು ಎದ್ದು ಕಾಣುತ್ತಿತ್ತು. ಕೊನೆಗೆ ಪೈಲ್ವಾನ್ ಕೆಮ್ಮಿ, ತನ್ನ ಜೇಬಿನಿಂದ ಒಂದು ತೆಗೆದು ಮುಂದೆ ಹಿಡಿದ. "ತಗೊಳ್ಳಿ ಅಮ್ಮ. ನನ್ನ ಭಾನುವಾರ ಹೆಂಗೂ ಹಾಳಾಯ್ತು."

ಅತ್ತೆ ಕಾಗದವನ್ನು ಗೂಳಿಯ ಸೀಟಿನ ಮೇಲಿಟ್ಟು, ಒಂದೊಂದೇ ಅಕ್ಷರ ಒತ್ತಿ ಸಹಿ ಹಾಕಿದರು. ಹಾಳೆಯನ್ನು ಅವಳ ಕೈಗೆ ತುರುಕಿ, "ಈಗ ಓಡಿಸಿ ತೋರಿಸು. ನಾನೂ ನೋಡ್ತೀನಿ" ಎಂದರು.

ಅವಳು ಕಾಗದವನ್ನು ಮಡಿಸಿ ಒಳಗಿಟ್ಟುಕೊಂಡಳು. ಹೆಲ್ಮೆಟ್ಟು ಬಿಗಿದು, ಎಡಗಾಲು ನೆಲಕ್ಕೂರಿ, ಬಲಗಾಲನ್ನು ಆಚೆ ಹಾಕಿದಳು. ಇಂಜಿನ್ನು ಕೆಮ್ಮಿ, ಕೆರಳಿ, ನಿಂತು ಹೋಯಿತು. ಭಾವ ಏನೋ ಗೊಣಗಿದರು. ಅವಳು ಎರಡನೆಯ ಸಲ ಗುಂಡಿ ಒತ್ತಿದಳು. ಈ ಸಲ ಹಿಡಿಯಿತು.

ಗೇಟು ದಾಟಿ ಎರಡನೆಯ ಗೇರಿಗೆ ಹಾಕಿದಳು. ಹಿಂದಿನಿಂದ ಭಾವ ಏನೋ ಕೂಗಿ ಹೇಳಿದರು. ಇಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ. ಏನೆಂದರೆಂದು ತಿರುಗಿ ಕೇಳಲೂ ಇಲ್ಲ. ಮೂರನೆಯ ಗೇರಿನಲ್ಲಿ ರಸ್ತೆ ನೇರವಾಯಿತು. ಎದೆ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಅವಳು ಅದನ್ನು ತಡೆಯಲು ಹೋಗಲಿಲ್ಲ, ನಾಲ್ಕಕ್ಕೆ ಹಾಕಿದಳು.