ಹೊಸ್ತಿಲು ಕೊಯ್ದ ಕಾರು

ಆ ಕಾರಿನಲ್ಲಿ ತುಕ್ಕು ಎಷ್ಟಿತ್ತೆಂದರೆ, ತುಕ್ಕಿನ ನಡುವೆ ಅಲ್ಲಲ್ಲಿ ಸ್ವಲ್ಪ ಕಾರು ಇತ್ತು. ಅದರ ಕೆಳಗೆ ಒಮ್ಮೆ ಕಸ ಹೊಡೆದರೆ ಮೊರ ತುಂಬ ಕೆಂಪು ಪುಡಿ. ಕುಂಕುಮದ ಅಂಗಡಿ ಇಡಬಹುದಿತ್ತು.

ಅದು ನನ್ನ ಗಂಡ ಬಸಲಿಂಗಯ್ಯನವರ ಕಾರು. ಹಳಿಯಾಳದಲ್ಲಿ ಭತ್ತದ ವ್ಯಾಪಾರ ಮಾಡಿಕೊಂಡಿದ್ದ ಮನುಷ್ಯ, ಒಮ್ಮೆ ಗೋವೆ ಗಡಿಯ ರಾಮನಗರಕ್ಕೆ ಹೋದವರು ಗೋವೆಯ ಸಾಹುಕಾರನೊಬ್ಬನಿಂದ ಇದನ್ನು ಕೊಂಡು ತಂದರು. ಓಟಕ್ಕೆಂದೇ ಮಾಡಿದ ವಿಲಾಯತಿ ಗಾಡಿ. ಮೇಲೆ ಸೂರಿಲ್ಲ, ಒಳಗೆ ಎರಡೇ ಸೀಟು, ಕೋಳಿ ಹಾರಿ ದಾಟುವಷ್ಟು ಗಿಡ್ಡ. “ಮುಂದಿನ ವಾರ ನಿನ್ನ ಕೂಡಿಸ್ಕೊಂಡ ಹೋಗ್ತೇನಿ” ಎಂದು ಅವರು ನನಗೆ ಹೇಳಿದ ವಾರಗಳನ್ನೆಲ್ಲ ಹಾಸಿದರೆ ಗೋವೆಯವರೆಗೆ ರಸ್ತೆಯಾಗುತ್ತಿತ್ತು. ಆ ಎಡಗಡೆಯ ಸೀಟಿನಲ್ಲಿ ಕೂತ ಹೆಂಗಸು ಒಬ್ಬಳೇ, ಅವರ ತಂಗಿ ಸತ್ತೆವ್ವ. ಒಂದೇ ಸಲ, ಸಾಂಬ್ರಾಣಿಯ ಅವಳ ಮನೆಯವರೆಗೆ. ಇವತ್ತಿಗೂ ಸಿಕ್ಕಾಗೆಲ್ಲ ಅದೇ ಮಾತು: “ನಮ್ಮಣ್ಣ ವಿಮಾನದಾಗ ಬಿಟ್ಟಂಗ ಬಿಟ್ಟ. ನೀ ಕುಂತಿಯೇನ ವೈನಿ?”

ಅವರು ತೀರಿಕೊಂಡ ಮೇಲೆ ಕಾರು ದನದ ಕೊಟ್ಟಿಗೆ ಸೇರಿ ಗಂಜಲದಲ್ಲಿ ನಿಂತಿತು. ಈ ವರ್ಷ ನನ್ನ ಮಂಡಿಗಳು ಕೈಕೊಡಲು ಶುರುಮಾಡಿದಾಗ ನಾನು ಹಟ ಹಿಡಿದೆ. ಆ ಸೀಟಿನಲ್ಲಿ ಕೂತು ಸತ್ತೆವ್ವನ ಬಾಗಿಲಿಗೆ ಹೋಗಬೇಕು. ಕಾಶಿಯೂ ಬೇಡ, ರಾಮೇಶ್ವರವೂ ಬೇಡ.

ದಾಂಡೇಲಿಯಿಂದ ಆಸಿಮ ಬಂದ. ಕಾಡಿಗೆ ಪ್ರವಾಸಿಗರನ್ನು ಒಯ್ಯುವ ಜೀಪುಗಳ ಮೆಕ್ಯಾನಿಕ್. ಇಂಜಿನ್ ಅವನ ಗಡ್ಡಕ್ಕೆ ಹೆದರಿ ಸಂಜೆಯೊಳಗೆ ಗುರುಗುಟ್ಟಿತು. ಆಮೇಲೆ ಕೆಳಗೆ ಮಲಗಿ ಸ್ಕ್ರೂಡ್ರೈವರ್ ಚುಚ್ಚಿ ನೋಡಿದ. ಅದು ಹಿಡಿಕೆಯವರೆಗೂ ಒಳಗೆ ಹೋಯಿತು.

“ಅವ್ವಾರ, ಜೀವ ಗಟ್ಟಿ ಐತಿ. ಮೈ ಇಲ್ಲ.”

“ನನ್ನಂಗ ಅನ್ನು.”

“ಬಾಗಲ ಕೆಳಗಿನ ಈ ಪಟ್ಟಿ ಎರಡೂ ಕಡೆ ಜಂಗು ತಿಂದೈತಿ. ಕೊಯ್ದು ಹೊಸಾದು ಹಚ್ಚೂಣು.”

“ಹೊಸ್ತಲಾ ಅನ್ನಪಾ ಅದಕ್ಕ. ಎರಡೂ ಒಮ್ಮೆಲೆ ಕೊಯ್ತಿಯೇನ?”

“ಜೀಪಿಗೆ ದಿನಾ ಕೊಯ್ತೇನ್ರಿ. ತಳದಾಗ ಚಾಸಿ ಅಂತ ಗಟ್ಟಿ ಕಬ್ಬಿಣದ ಚೌಕಟ್ಟು ಇರ್ತೈತಿ. ಮ್ಯಾಲಿಂದು ಬರೇ ಅಂಗಿ.”

ಕೊಯ್ದ. ಎರಡನೆಯದು ಕಳಚಿ ಬೀಳುತ್ತಲೇ ಕಾರು ದೊಡ್ಡದಾಗಿ ನಿಟ್ಟುಸಿರು ಬಿಟ್ಟು, ಮುಂದಿನ ಗಾಲಿಗಳಿಗೂ ಹಿಂದಿನ ಗಾಲಿಗಳಿಗೂ ನಡುವೆ ಹಳೆಯ ಹಗ್ಗದ ಹೊರಸಿನ ಹಾಗೆ ಜೋತುಬಿತ್ತು. ಬಾಗಿಲುಗಳು ಚೌಕಟ್ಟಿನಲ್ಲಿ ಕಚ್ಚಿಕೊಂಡವು. ಆನೆ ತಂದು ಎಳೆಸಿದ್ದರೂ ಬರುತ್ತಿರಲಿಲ್ಲ.

ಆಸಿಮ ಮತ್ತೆ ಕೆಳಗೆ ಹೊಕ್ಕು ಬಹಳ ಹೊತ್ತು ಹೊರಗೆ ಬರಲೇ ಇಲ್ಲ. ಬಂದಾಗ ಮುಖ ಇಷ್ಟೇ ಇಷ್ಟಾಗಿತ್ತು.

“ಇದರಾಗ ಚಾಸಿನ ಇಲ್ರಿ. ಆ ಪಟ್ಟಿನ ಗಾಡಿ ಹಿಡದಿದ್ವು.”

“ಅಂಗಿ ಕೊಯ್ತೇನಿ ಅಂದು ಬೆನ್ನೆಲುಬು ಕೊಯ್ದಿಯೇನ ನಮ್ಮಪ್ಪಾ.”

“ಜೀಪ ನೋಡಿ ನೋಡಿ ಕಣ್ಣು ಕೆಟ್ಟೈತ್ರಿ.”

ಅಲ್ಲಿಂದ ಶುರುವಾಯಿತು ನಮ್ಮ ವನವಾಸ. ನಡುವೆ ಜಾಕ್ ಕೊಟ್ಟು ಎತ್ತಲು ಹೋದರೆ ಜಾಕೇ ತಳ ಒಡೆದುಕೊಂಡು ಸೀಟಿನ ಪಕ್ಕ ಎದ್ದು ಕೂತಿತು. ಸಾಗವಾನಿ ತೊಲೆ ಕೊಟ್ಟು ಎತ್ತಿದ ಮೇಲೆ ಬಾಗಿಲುಗಳೇನೋ ಬಿಟ್ಟವು. ಹೊಸ ತಗಡು ಬೆಸೆಯಲು ಹೋದರೆ ಹಳೆಯ ತಗಡು ಹಪ್ಪಳದಂತೆ ಸುಟ್ಟು ತೂತಾಗುತ್ತಿತ್ತು. ಆ ತೂತು ಮುಚ್ಚಿದರೆ ಪಕ್ಕದಲ್ಲಿ ಅದರ ಅಕ್ಕ, ಅಕ್ಕನನ್ನು ಮುಚ್ಚಿದರೆ ಅತ್ತೆ. ಗಟ್ಟಿ ಕಬ್ಬಿಣ ಸಿಗುವವರೆಗೆ ಕೊಯ್ಯುತ್ತ ಹೋದ. ಗಟ್ಟಿ ಕಬ್ಬಿಣ ಸಾಲಗಾರನಂತೆ ಹಿಂದೆ ಹಿಂದೆ ಸರಿಯಿತು. ಅಂತೂ ಹೊಲಿದು ಮುಗಿಸಿ ತೊಲೆ ತೆಗೆದರೆ, ಗಾಡಿ ಮತ್ತೆ ಎರಡು ಬೆರಳು ಕುಸಿದು ಬಾಗಿಲು ಕಚ್ಚಿಕೊಂಡಿತು. ಬಿಚ್ಚಿದ. ಎತ್ತಿದ. ಬೆಸೆದ. ಇಳಿಸಿದ. ಮತ್ತೆ ಕಚ್ಚಿತು. ಗ್ರೈಂಡರಿನ ಸದ್ದಿಗೆ ಓಣಿಯ ಕೋಳಿಗಳು ಮೊಟ್ಟೆ ಇಡುವುದನ್ನೇ ಬಿಟ್ಟವು. ಸಿಟ್ಟಿಗೆ ನನಗೂ ಊಟ ಸೇರದೆ ಬರೀ ಆರು ರೊಟ್ಟಿಗೆ ಏಳುತ್ತಿದ್ದೆ.

ಒಂದು ದಿನ ಆಸಿಮ ಕೈ ಒರೆಸಿಕೊಳ್ಳುತ್ತ ನನ್ನೆದುರು ಕೂತ.

“ಒಂದ ದಾರಿ ಐತ್ರಿ. ಬಾಗಲಾ ಮುಚ್ಚಿ ಸುತ್ತಲೂ ವೆಲ್ಡಿಂಗ್ ಹೊಡದ ಬಿಡ್ತೇನಿ. ಆ ಬಾಗಲಾನ ಬೆನ್ನೆಲುಬು ಆಗ್ತಾವು. ಆಮ್ಯಾಲೆ ಕುಸಿಯೂದಿಲ್ಲ.”

“ಮತ್ತ ಹತ್ತೂದು ಹೆಂಗ?”

“ಮ್ಯಾಲಿಂದ ಜಿಗದು...” ಎಂದವನ ಕಣ್ಣು ನನ್ನ ಮಂಡಿಯ ಮೇಲೆ ಬಿದ್ದು ಮಾತು ನಿಂತಿತು.

ಕೈಯಲ್ಲಿದ್ದ ಚಹದ ಬಟ್ಟಲನ್ನು ಕೊಟ್ಟಿಗೆಯ ಗೋಡೆಗೆ ಎಸೆದೆ. ಇಷ್ಟು ಕುಣಿದದ್ದು ಆ ಒಂದು ಸೀಟಿಗಾಗಿ. ಅದು ಉಳಿಯಬೇಕೆಂದರೆ ನನ್ನ ಕಡೆಯ ಬಾಗಿಲನ್ನೇ ಮುಚ್ಚಬೇಕಂತೆ. ಕತ್ತಲಾಗುವವರೆಗೆ ಎಮ್ಮೆಯ ಪಕ್ಕ ಕೂತು ಅದಕ್ಕೇ ದೂರು ಹೇಳಿದೆ. ಎಮ್ಮೆ ಮೆಲುಕು ಹಾಕುತ್ತ ಕೇಳಿತು. ಕೊನೆಗೆ ಎದ್ದು ಬಂದು, “ಹೊಡಿ” ಎಂದೆ.

ಹೊರಡುವ ದಿನ ಅಕ್ಕಿ ಗಿರಣಿಯ ಹಮಾಲಿ ಈರೇಶನನ್ನೂ ಅವನ ಜೊತೆಗಾರನನ್ನೂ ಕರೆಸಿದೆ. ಚೀಲ ಎತ್ತುವ ಹಾಗೆಯೇ ಕೆಳಗೆ ಕೈ ಕೊಟ್ಟು ಎತ್ತಿದರು.

“ಅವ್ವಾರ, ಭತ್ತದ ಚೀಲ ಹಗರ ಇರ್ತಾವ್ರಿ” ಎಂದ ಈರೇಶ.

“ಸುಮ್ನ ಎತ್ತು. ಭತ್ತಕ್ಕ ಬಾಯಿ ಇಲ್ಲ, ನನಗ ಐತಿ.”

ಬಾಗಿಲ ಮೇಲಿಂದ ಇಳಿಸಿದರು. ಸೀಟಿನ ಸ್ಪ್ರಿಂಗೊಂದು ಎದ್ದು ಚುಚ್ಚಿತು. ಕಾಲ ಹತ್ತಿರ ಉಳಿದ ತೂತಿನಲ್ಲಿ ರಸ್ತೆ ಹಿಂದಕ್ಕೆ ಓಡುತ್ತಿತ್ತು. ಗಾಳಿಗೆ ಸೆರಗು ಮುಖಕ್ಕೆ ಬಡಿಯಿತು. ದಾರಿಯುದ್ದಕ್ಕೂ ನಾನು ಬಲಗಡೆ ತಿರುಗಿ ನೋಡಲಿಲ್ಲ. ನೋಡಿದರೆ ಅಲ್ಲಿ ಆಸಿಮ ಇರುತ್ತಿದ್ದ.

ಸಾಂಬ್ರಾಣಿಯಲ್ಲಿ ಸತ್ತೆವ್ವ ಕೋಲೂರಿಕೊಂಡು ಹೊರಗೆ ಬಂದು ನಿಂತಳು. ಕಾರನ್ನು ನೋಡಿದಳು, ನನ್ನನ್ನು ನೋಡಿದಳು.

“ಇಳಿ ವೈನಿ. ಚಾ ಕುಡದ ಹೋಗು.”

“ಹೊತ್ತಿಲ್ಲ.”

ಅವಳೇ ಬಂದು ಬಾಗಿಲು ಜಗ್ಗಿದಳು. ಬರಲಿಲ್ಲ. ಬೆಸುಗೆಯ ಗಂಟುಗಂಟು ಗೆರೆಯ ಮೇಲೆ ಬೆರಳಾಡಿಸಿ ಆಸಿಮನತ್ತ ತಿರುಗಿದಳು. ಅವನು ಅವಳ ತೆಂಗಿನಮರದಲ್ಲಿ ಕಾಯಿ ಎಣಿಸತೊಡಗಿದ.

“ಹಂಗಾರ ನಿನಗ ಇಳಿಯಾಕ ಬರೂದಿಲ್ಲ” ಎಂದಳು ಸತ್ತೆವ್ವ. ಅವಳ ಹೊಟ್ಟೆ ಕುಲುಕುತ್ತಿತ್ತು.

“ನಾ ಇಳಿಯೂದಿಲ್ಲ. ನೀ ಅವತ್ತ ಇಳದಿ.”

ನಗು ನಿಲ್ಲಿಸಿ ಒಳಗೆ ಹೋದಳು. ಚಹ ತಂದು, ಬಾಗಿಲ ಮೇಲಿಂದಲೇ ಕಪ್ಪು-ಬಸಿ ನನ್ನ ಕೈಗೆ ಕೊಟ್ಟು, ಕೋಲು ಊರಿಕೊಂಡು ಅಲ್ಲೇ ನಿಂತಳು.

“ಆ ಸೀಟಿನ ಸ್ಪ್ರಿಂಗ ಅವತ್ತ ನನಗ ಭಾಳ ಚುಚ್ಚಿತ್ತು. ಯಾರಿಗೂ ಹೇಳಿಲ್ಲ. ನಿನಗೂ ಚುಚ್ಚತೈತೇನ?”

“ಇಲ್ಲವಾ” ಎಂದು ಚಹ ಕುಡಿದೆ. “ಹಾಸಿಗಿ ಹಂಗ ಐತಿ.”